ಆನ್ವಯಿಕ ತಂತ್ರಾಂಶ ಮತ್ತು ಕಚೇರಿ ಪ್ರೋಗ್ರಾಮುಗಳು: ಉಡುಪಿ ಜಿಲ್ಲೆಯ ಹಿನ್ನೆಲೆಯಲ್ಲಿ

ಪತ್ರ ಬರೆಯುವುದು, ಲೆಕ್ಕ ಇಡುವುದು, ಹೆಸರುಗಳ ಪಟ್ಟಿಯನ್ನು ಕಾಯ್ದಿಡುವುದು, ಪುಸ್ತಕದ ಪುಟ ಕಟ್ಟುವುದು ಮುಂತಾಗಿ ಬಳಕೆದಾರನ ಯಾವುದಾದರೊಂದು ನಿರ್ದಿಷ್ಟ ಕೆಲಸವನ್ನು ನೆರವೇರಿಸಿಕೊಡುವ ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ಆನ್ವಯಿಕ ತಂತ್ರಾಂಶ ಎಂದು ಹೆಸರು. ಯಂತ್ರದ ಸ್ಮರಣೆ, ಪರದೆ, ಕೀಲಿಮಣೆ, ಮುದ್ರಕ ಇವುಗಳನ್ನು ನಿಭಾಯಿಸುವ ವಿಂಡೋಸ್, ಲಿನಕ್ಸ್‌ಗಳಂಥ ಕಾರ್ಯಾಚರಣ ವ್ಯವಸ್ಥೆಗಳು ವ್ಯವಸ್ಥಾ ತಂತ್ರಾಂಶದ ಗುಂಪಿಗೆ ಸೇರುತ್ತವೆ. ಆನ್ವಯಿಕ ತಂತ್ರಾಂಶ ಅವುಗಳ ಮೇಲೆ ನಿಂತು ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ ಈ ಎರಡರ ನಡುವಿನ ಗೆರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡಿದವನಿಗೆ ಮಾತ್ರ ಅದು ಬಹುಕಾಲ ಕಾಡಿದೆ, ಏಕೆಂದರೆ ಅಕ್ಷರವನ್ನು ಒಳಗೆ ಹೇಗೆ ಸಂಗ್ರಹಿಸಬೇಕು ಎಂಬುದನ್ನು ವ್ಯವಸ್ಥೆಯೇ ತೀರ್ಮಾನಿಸಬೇಕಾದಲ್ಲಿ ಸುಮಾರು ಎರಡು ದಶಕಗಳ ಕಾಲ ಪ್ರತಿಯೊಂದು ಆನ್ವಯಿಕ ತಂತ್ರಾಂಶವೂ ತನ್ನದೇ ತೀರ್ಮಾನ ಮಾಡಿಕೊಂಡಿತು. ಈ ತೊಡಕನ್ನು ಬಿಡಿಸುವ ಕೆಲಸದಲ್ಲಿ ಉಡುಪಿ ಮತ್ತು ಮಣಿಪಾಲಗಳಿಗೆ ವಿಶೇಷ ಸ್ಥಾನವಿರುವುದರಿಂದ ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲಾಗಿದೆ.

ಕಚೇರಿ ಪ್ರೋಗ್ರಾಮುಗಳ ಬಗೆಗಳು

ಕಚೇರಿ ಬಳಕೆಯ ಪ್ರೋಗ್ರಾಮುಗಳಲ್ಲಿ ಮೊದಲು ಎಣಿಸಬೇಕಾದದ್ದು ಪದಸಂಸ್ಕಾರಕ. ಬೆರಳಚ್ಚು ಯಂತ್ರದಲ್ಲಿ ಒಮ್ಮೆ ಒತ್ತಿದ ಅಕ್ಷರ ಕಾಗದಕ್ಕೇ ಅಂಟಿಬಿಡುತ್ತಿದ್ದರೆ, ಪದಸಂಸ್ಕಾರಕದಲ್ಲಿ ಬರೆಹ ಸ್ಮರಣೆಯಲ್ಲಿ ಉಳಿದು, ತಿದ್ದುವುದಕ್ಕೂ ಸಾಲುಗಳನ್ನು ಸರಿಸುವುದಕ್ಕೂ ಒದಗುತ್ತದೆ. 1978ರ ವರ್ಡ್‌ಸ್ಟಾರ್, 1983ರ ಮೈಕ್ರೋಸಾಫ್ಟ್ ವರ್ಡ್ ಇವು ಈ ಬಗೆಯ ಹೆಸರಾಂತ ಪ್ರೋಗ್ರಾಮುಗಳು.

ಎರಡನೆಯದು ಅಡ್ಡಸಾಲು ಮತ್ತು ಕಂಬಸಾಲುಗಳ ಲೆಕ್ಕಹಾಳೆ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ರೂಪಿಸಿದ ವಿಸಿಕ್ಯಾಲ್ಕ್‌ನಿಂದ ಆರಂಭವಾದ ಈ ಪರಂಪರೆ 1983ರ ಲೋಟಸ್ 1-2-3, 1985ರ ಎಕ್ಸೆಲ್‌ಗಳ ಮೂಲಕ ಬೆಳೆಯಿತು. ಒಂದು ಮನೆಯಲ್ಲಿ ಬರೆದ ಸೂತ್ರ ಇತರ ಮನೆಗಳ ಅಂಕಿಗಳನ್ನು ಅವಲಂಬಿಸಿರುತ್ತದೆ ಮತ್ತು ಅವುಗಳಲ್ಲಿ ಒಂದು ಬದಲಾದರೂ ಉತ್ತರ ತಾನಾಗಿ ಬದಲಾಗುತ್ತದೆ ಎಂಬುದೇ ಇದರ ಜೀವಾಳ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಹೆಸರಿನಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ಇಲ್ಲಿ ನೆನೆಯಬಹುದು. ಏಜೆಂಟನು ದಿನವೂ ಅಂಗಡಿ, ಮನೆಗಳಿಗೆ ಹೋಗಿ ತರುತ್ತಿದ್ದ ಸಣ್ಣ ಮೊತ್ತಗಳನ್ನು ಖಾತೆದಾರನಿಗೆ ಒಂದು ಸಾಲು, ದಿನಕ್ಕೆ ಒಂದು ಕಂಬ ಎಂಬ ಕ್ರಮದಲ್ಲಿ ಬರೆದು, ಅಡ್ಡಕ್ಕೂ ಉದ್ದಕ್ಕೂ ಕೂಡಿ, ಎರಡು ಮೊತ್ತಗಳೂ ತಾಳೆಯಾದರೆ ಲೆಕ್ಕ ಸರಿಯೆಂದು ತಿಳಿಯುವುದು ಲೆಕ್ಕಹಾಳೆಯದೇ ತರ್ಕ. ಆದರೂ ಇಂದಿನ ಬ್ಯಾಂಕಿನ ಖಾತೆಪುಸ್ತಕ ಲೆಕ್ಕಹಾಳೆಯಲ್ಲ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆಯನ್ನು ಅಳಿಸಲಾಗದಂತೆ ಇಡಬೇಕಾದ ಕಡೆ ಬೇರೆ ಬಗೆಯ ತಂತ್ರಾಂಶ ಬೇಕಾಗುತ್ತದೆ. ವ್ಯಾಪಾರಿಗಳ ಜಮಾಖರ್ಚಿಗೆ ಬೆಂಗಳೂರಿನಲ್ಲಿ ರೂಪುಗೊಂಡ ಟ್ಯಾಲಿ ಎಷ್ಟು ಬಳಕೆಗೆ ಬಂದಿದೆಯೆಂದರೆ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಅದರ ಹೆಸರೇ ಒಂದು ಕೋರ್ಸಿನ ಹೆಸರಾಗಿದೆ.

ಮೂರನೆಯದು ದತ್ತಸಂಚಯ. ಕರ್ನಾಟಕದ ಹಳ್ಳಿಗರಿಗೆ ಇದರ ನೇರ ಪರಿಚಯವಾದದ್ದು ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಿಂದ. ಕಾರ್ಕಳದ ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರು ಕೊಟ್ಟು ಪಡೆಯುವ ಪಹಣಿ, ಸರ್ವೆ ನಂಬರು, ಹಿಸ್ಸೆ, ಖಾತೆದಾರನ ಹೆಸರು, ಬೆಳೆ ಎಂಬ ಕ್ಷೇತ್ರಗಳಾಗಿ ಬಿಡಿಸಿಟ್ಟ ಮಾಹಿತಿಯನ್ನು ಮತ್ತೆ ಒಂದು ಹಾಳೆಯಾಗಿ ಜೋಡಿಸಿ ಕೊಟ್ಟದ್ದು. ನಾಲ್ಕನೆಯದಾದ ಪ್ರಾತ್ಯಕ್ಷಿಕೆಯ ತಂತ್ರಾಂಶಗಳಲ್ಲಿ 1987ರ ಪವರ್‌ಪಾಯಿಂಟ್ ಮುಖ್ಯವಾದುದು.

ಬೆರಳಚ್ಚಿನಿಂದ ಫಾಂಟಿಗೆ

ಕನ್ನಡದ ಬೆರಳಚ್ಚು ಯಂತ್ರದ ಕೀಲಿಗಳಲ್ಲಿದ್ದದ್ದು ವರ್ಣಮಾಲೆಯಲ್ಲ, ಅಕ್ಷರಗಳ ತುಂಡುಗಳು: ತಲಕಟ್ಟು, ಕೊಂಬು, ದೀರ್ಘ, ಒತ್ತು, ಇವನ್ನು ಸೇರಿಸಲು ಬೇಕಾದ ಒಡಲುಗಳು. ಕಂಪ್ಯೂಟರಿನ ಮೊದಲ ಕನ್ನಡ ಫಾಂಟುಗಳು ಬಹುಮಟ್ಟಿಗೆ ಇದೇ ಹಾದಿ ಹಿಡಿದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತುಂಬಿ, ಯಂತ್ರಕ್ಕೆ ಅದು ಇಂಗ್ಲಿಷ್ ಎಂಬ ಭ್ರಮೆ ಹುಟ್ಟಿಸಿ, ಕಣ್ಣಿಗೆ ಮಾತ್ರ ಕನ್ನಡ ಕಾಣುವಂತೆ ಮಾಡುವುದು ಇಲ್ಲಿನ ಉಪಾಯ. ಮುದ್ರಣಕ್ಕೆ ಇಷ್ಟು ಸಾಕಾಗಿತ್ತು. 1970ರ ಜನವರಿ 1ರಂದು ಆರಂಭವಾದ ‘ಉದಯವಾಣಿ’ಯಿಂದ ಹೆಸರಾದ ಮಣಿಪಾಲದಂಥ ಮುದ್ರಣದ ಊರಿನಲ್ಲಿ ಅಚ್ಚಾದ ಹಾಳೆಯೇ ಕೆಲಸದ ಕೊನೆಯ ಹಂತ, ಆ ಹಾಳೆಯ ಹಿಂದಿನ ಕಡತದಲ್ಲಿ ಏನಿದೆ ಎಂದು ಓದುಗ ಕೇಳುವುದಿಲ್ಲ. ಆದರೆ ಅದೇ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತಿತ್ತು, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಕ್ರಮ ಕೆಡುತ್ತಿತ್ತು, ಹುಡುಕಿದರೆ ಪದ ಸಿಗುತ್ತಿರಲಿಲ್ಲ.

ಇದಕ್ಕೆ ಕಾರ್ಕಳ ಎಂಬ ಹೆಸರೇ ಒಳ್ಳೆಯ ಉದಾಹರಣೆ. ಉಚ್ಚಾರಣೆಯಲ್ಲಿ ರೇಫ ಕಕಾರಕ್ಕಿಂತ ಮೊದಲು ಬರುತ್ತದೆ. ಬರೆಹದಲ್ಲಿ ಅರ್ಕಾವತ್ತು ಕಕಾರದ ಬಲಕ್ಕೆ ನಿಲ್ಲುತ್ತದೆ. ಆಕಾರವನ್ನು ಸಂಗ್ರಹಿಸುವ ಫಾಂಟು ಕಣ್ಣಿಗೆ ಕಂಡ ಕ್ರಮವನ್ನೇ ಹಿಡಿದು, ಕಕಾರವನ್ನು ಮೊದಲೂ ಅರ್ಕಾವತ್ತನ್ನು ಆಮೇಲೂ ಇಡುತ್ತದೆ. ಧ್ವನಿಯನ್ನು ಸಂಗ್ರಹಿಸುವ ಪದ್ಧತಿ ರಕಾರ, ಅದರ ಅಕಾರವನ್ನು ಕಳೆಯುವ ವಿರಾಮಚಿಹ್ನೆ, ಕಕಾರ ಎಂಬ ಉಚ್ಚಾರಣೆಯ ಕ್ರಮವನ್ನು ಇಟ್ಟು, ಅರ್ಕಾವತ್ತಿನ ಆಕಾರವನ್ನು ತೋರಿಸುವ ಹೊಣೆಯನ್ನು ಪರದೆಗೆ ಬಿಡುತ್ತದೆ. ಕನ್ನಡ ಕಚೇರಿ ತಂತ್ರಾಂಶಗಳ ಚರಿತ್ರೆಯನ್ನು ಈ ಎರಡು ಕ್ರಮಗಳ ನಡುವಿನ ಆಯ್ಕೆಯ ಚರಿತ್ರೆಯೆಂದೇ ಓದಬಹುದು.

‘ಸೇಡಿಯಾಪು’ ಮತ್ತು ಕೆ. ಪಿ. ರಾವ್ ಕೀಲಿಮಣೆ

ಕೆ. ಪಿ. ರಾವ್ ಎಂದೇ ಹೆಸರಾದ ಕಿನ್ನಿಕಂಬಳ ಪದ್ಮನಾಭ ರಾವ್ (ಜನನ 1940) ಮುದ್ರಣ ತಂತ್ರಜ್ಞಾನದಲ್ಲಿ ದೀರ್ಘಕಾಲ ದುಡಿದು ಅನಂತರ ಉಡುಪಿ–ಮಣಿಪಾಲ ಪರಿಸರದಲ್ಲಿ ನೆಲೆಸಿದ ತಂತ್ರಜ್ಞರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿದೆ. ಅವರು ರೂಪಿಸಿದ ಕನ್ನಡ ಪದಸಂಸ್ಕಾರಕಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟು ಬೆಲೆಯಿಲ್ಲದೆ ಹಂಚಿದರು. ಛಂದಸ್ಸು ಮತ್ತು ಭಾಷಾಶಾಸ್ತ್ರಗಳಲ್ಲಿ ದೊಡ್ಡ ಹೆಸರಾದ ಸೇಡಿಯಾಪು ಕೃಷ್ಣಭಟ್ಟರ (1902–1996) ಸ್ಮರಣೆಗೆ ಇಟ್ಟ ಹೆಸರಿದು. ತಂತ್ರಾಂಶವೊಂದಕ್ಕೆ ಛಂದಶ್ಶಾಸ್ತ್ರಜ್ಞನ ಹೆಸರು ಬಂದದ್ದು ಆಕಸ್ಮಿಕವೆನಿಸುವುದಿಲ್ಲ, ಏಕೆಂದರೆ ಅದರ ಕೀಲಿಮಣೆಯ ತಳಹದಿಯೂ ಅಕ್ಷರದ ಆಕಾರವಲ್ಲ, ವರ್ಣ.

ಈ ಕೀಲಿಮಣೆ ಇಂಗ್ಲಿಷಿನ 26 ಕೀಲಿಗಳಿಗೆ ಸೀಮಿತವಾಗಿದೆ. ಕೆ ಕೀಲಿ ಒತ್ತಿದರೆ ಅಕಾರ ಸಹಿತವಾದ ‘ಕ’, ಶಿಫ್ಟಿನೊಂದಿಗೆ ಒತ್ತಿದರೆ ಮಹಾಪ್ರಾಣ ‘ಖ’. ಜಿ, ಸಿ, ಜೆ, ಟಿ, ಡಿ, ಪಿ, ಬಿ ಕೀಲಿಗಳಲ್ಲಿಯೂ ಇದೇ ನಿಯಮ. ಟಿ, ಡಿ ಕೀಲಿಗಳು ತಕಾರ ದಕಾರಗಳಿಗೆ ಹೋದುದರಿಂದ ಮೂರ್ಧನ್ಯಗಳಿಗೆ ಕನ್ನಡದ ವರ್ಣವೊಂದಕ್ಕೆ ನೇರವಾಗಿ ಹೊಂದದ ಕೀಲಿಗಳನ್ನು ಬಳಸಿಕೊಳ್ಳಲಾಗಿದೆ: ಕ್ಯೂ ಕೀಲಿ ಟಕಾರಕ್ಕೆ, ಡಬ್ಲ್ಯೂ ಕೀಲಿ ಡಕಾರಕ್ಕೆ, ಎಕ್ಸ್ ಕೀಲಿ ಷಕಾರಕ್ಕೆ. ಕನ್ನಡದ ವರ್ಣಮಾಲೆಗೆ ಬೇಕಿಲ್ಲದ ಎಫ್ ಕೀಲಿ ವ್ಯಂಜನದ ಅಕಾರವನ್ನು ಕಳೆದು ಮುಂದಿನ ವ್ಯಂಜನಕ್ಕೆ ಕೊಂಡಿ ಹಾಕುತ್ತದೆ. ಸ್ವರದ ಕೀಲಿ ಪದದ ಮೊದಲಲ್ಲಿ ಬಂದರೆ ಪೂರ್ಣಾಕ್ಷರವನ್ನೂ ವ್ಯಂಜನದ ಬೆನ್ನಿಗೆ ಬಂದರೆ ಗುಣಿತಚಿಹ್ನೆಯನ್ನೂ ಕೊಡುತ್ತದೆ. ಹೀಗಾಗಿ ಉಡುಪಿ ಎಂದು ಬರೆಯಲು ಯು, ಡಬ್ಲ್ಯೂ, ಯು, ಪಿ, ಐ ಎಂಬ ಐದು ಕೀಲಿಗಳು ಸಾಕು. ಇಲ್ಲಿ ಯು ಕೀಲಿಯೊಂದೇ ಮೊದಲು ‘ಉ’ ಆಗಿಯೂ ಬಳಿಕ ಕೊಂಬಾಗಿಯೂ ದುಡಿಯುತ್ತದೆ. ಕಾಪು ಎಂಬುದಕ್ಕೆ ನಾಲ್ಕು, ಕನ್ನಡ ಎಂಬುದಕ್ಕೆ ಐದು (ಕೆ, ಎನ್, ಎಫ್, ಎನ್, ಡಬ್ಲ್ಯೂ), ಕಾರ್ಕಳ ಎಂಬುದಕ್ಕೆ ಆರು. ಇಂಗ್ಲಿಷ್ ಲಿಪಿಯಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರ ಪದ್ಧತಿಯಲ್ಲಿ ಅಕಾರಕ್ಕೂ ಒಂದು ಕೀಲಿ ಬೇಕಾಗುವುದರಿಂದ ಕನ್ನಡ ಎಂಬ ಪದವೇ ಏಳು ಒತ್ತುಗಳನ್ನು ಬೇಡುತ್ತದೆ. ಕೇಂದ್ರ ಸರ್ಕಾರ ಭಾರತೀಯ ಭಾಷೆಗಳಿಗಾಗಿ ಮುಂದಿಟ್ಟ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ವರ್ಣಾಧಾರಿತವೇ; ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಹಂಚಿಕೊಡುವ ಅದರ ವಿನ್ಯಾಸ ಶಾಸ್ತ್ರೀಯವಾಗಿ ಅಚ್ಚುಕಟ್ಟಾದದ್ದು. ಆದರೆ ಅದರಲ್ಲಿ ಸ್ವರಾಕ್ಷರ ಮತ್ತು ಗುಣಿತಚಿಹ್ನೆಗಳನ್ನು ಶಿಫ್ಟಿನಿಂದ ಬೇರ್ಪಡಿಸಬೇಕಾಗುತ್ತದೆ, ಇಂಗ್ಲಿಷ್ ಕೀಲಿಗಳನ್ನು ಬಲ್ಲವನು ಹೊಸದಾಗಿ ಕಲಿಯಬೇಕಾಗುತ್ತದೆ.

ರಾವ್ ಅವರ ವಿನ್ಯಾಸದ ಗುಣ ಕೀಲಿಗಳ ಉಳಿತಾಯದಲ್ಲಷ್ಟೇ ಇಲ್ಲ. ಕಾರ್ಕಳ ಎಂದು ಒತ್ತುವ ಆರು ಕೀಲಿಗಳ ಕ್ರಮವೂ ಆ ಪದವನ್ನು ಯೂನಿಕೋಡಿನಲ್ಲಿ ಸಂಗ್ರಹಿಸುವ ಆರು ಸಂಕೇತಗಳ ಕ್ರಮವೂ ಒಂದಕ್ಕೊಂದು ಸರಿಹೊಂದುತ್ತವೆ. ಉಡುಪಿ, ಕಾಪು, ಮಣಿಪಾಲಗಳಲ್ಲಿಯೂ ಹಾಗೆಯೇ. ಈ ತತ್ತ್ವ ಒಬ್ಬರದೇ ಎನ್ನುವಂತಿಲ್ಲ, ಏಕೆಂದರೆ ಭಾರತೀಯ ಲಿಪಿಗಳ ಇಸ್ಕೀ ಸಂಕೇತವೂ ಇದೇ ವರ್ಣಕ್ರಮವನ್ನು ಒಪ್ಪಿಕೊಂಡಿತ್ತು. ಆದರೂ ಸಾಮಾನ್ಯ ಬೆರಳಚ್ಚುಗಾರನ ಕೈಗೆ ಅದನ್ನು ತಲುಪಿಸಿದ್ದರಲ್ಲಿ ಈ ಕೀಲಿಮಣೆಯ ಪಾಲು ದೊಡ್ಡದು ಎನ್ನಬಹುದು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಇದನ್ನೇ ಅಳವಡಿಸಿಕೊಂಡಿತು ಮತ್ತು ಕರ್ನಾಟಕ ಸರ್ಕಾರ ಇದನ್ನು ಅಧಿಕೃತ ವಿನ್ಯಾಸವಾಗಿ ಮಾನ್ಯ ಮಾಡಿತು. ಇದರಿಂದಾಗಿ ಅದನ್ನು ‘ನುಡಿ ಕೀಲಿಮಣೆ’ ಎಂದು ಕರೆಯುವುದು ರೂಢಿಯಾಗಿ, ರೂಪಿಸಿದವರ ಹೆಸರು ಸ್ವಲ್ಪ ಹಿಂದೆ ಸರಿದಿದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ (1998) ಲಿಪ್ಯಂತರ ಪದ್ಧತಿಯಿಂದ, ಅದರಲ್ಲಿಯೂ ಹೊರನಾಡಿನ ಕನ್ನಡಿಗರ ನಡುವೆ, ಜನಪ್ರಿಯವಾಯಿತು.

ಯೂನಿಕೋಡಿನ ನಂತರ

ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆತಿತ್ತು. ಆದರೆ ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಸಾಮರ್ಥ್ಯ ಸಾಮಾನ್ಯ ಕಚೇರಿಯ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟಿನೊಂದಿಗೆ. ಆಮೇಲೂ ಡಿ.ಟಿ.ಪಿ. ಕೇಂದ್ರಗಳು ಹಳೆಯ ಫಾಂಟುಗಳನ್ನು ಬೇಗ ಬಿಡಲಿಲ್ಲ. ಪುಟ ಕಟ್ಟಲು ಅವು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಅರಿಯದಿದ್ದುದು ಇದಕ್ಕೆ ಮುಖ್ಯ ಕಾರಣ. ಲೇಖಕ ಯೂನಿಕೋಡಿನಲ್ಲಿ ಕಳುಹಿಸಿದ್ದನ್ನು ಮುದ್ರಕ ಹಳೆಯ ಸಂಕೇತಕ್ಕೆ ತಿರುಗಿಸಿ, ಆ ತಿರುವಿನಲ್ಲಿ ಕಳಚಿದ ಒತ್ತುಗಳನ್ನು ಕರಡು ತಿದ್ದುವವನು ಹುಡುಕುವ ಪರಿಪಾಠ ಹೀಗೆ ಹುಟ್ಟಿಕೊಂಡಿತು.

ಯೂನಿಕೋಡಿನಿಂದ ಎಲ್ಲವೂ ತಾನಾಗಿ ಸರಿಹೋಗುವುದಿಲ್ಲ. ಅದರ ಸಂಖ್ಯಾಕ್ರಮದಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ವರ್ಣಮಾಲೆಯಲ್ಲಾದರೋ ಅದು ಹಕಾರದ ನಂತರ ಬರುತ್ತದೆ. ಸಂಕೇತದ ಸಂಖ್ಯೆಯನ್ನೇ ನಂಬಿ ಜೋಡಿಸುವ ಪ್ರೋಗ್ರಾಮು ‘ಕಳಸ’ವನ್ನು ‘ಕವನ’ಕ್ಕಿಂತ ಮೊದಲು ಇಡುತ್ತದೆ, ಭಾಷೆಗೆ ತಕ್ಕ ವಿಂಗಡಣೆಯ ನಿಯಮವನ್ನು ಪ್ರತ್ಯೇಕವಾಗಿ ಅಳವಡಿಸಿಕೊಂಡದ್ದು ಮಾತ್ರ ನಿಘಂಟಿನ ಕ್ರಮವನ್ನು ಪಾಲಿಸುತ್ತದೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರ ಹಿಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ವಿಭಜಕ ಚಿಹ್ನೆಯೊಂದನ್ನು ನಡುವೆ ಇಡಬೇಕಾಗುತ್ತದೆ, ಇಟ್ಟ ಪದವೂ ಇಡದ ಪದವೂ ಹುಡುಕಾಟದಲ್ಲಿ ಬೇರೆ ಬೇರೆಯಾಗಿಬಿಡಬಹುದು.

ತುಳುವಿನ ಪ್ರಶ್ನೆ

ಉಡುಪಿ ಜಿಲ್ಲೆಯ ಅನೇಕರ ಮನೆಮಾತಾದ ತುಳು ಕಚೇರಿ ಪ್ರೋಗ್ರಾಮುಗಳಲ್ಲಿ ಕನ್ನಡದ ಲಿಪಿ ಮತ್ತು ಕೀಲಿಮಣೆಗಳನ್ನೇ ಬಳಸಿಕೊಳ್ಳುತ್ತದೆ. ಪದಾಂತ್ಯದ ಅರೆ ಉಕಾರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲದ್ದರಿಂದ ಕೆಲವರು ಕೊಂಬನ್ನೂ ಕೆಲವರು ವಿರಾಮಚಿಹ್ನೆಯನ್ನೂ ಹಾಕುತ್ತಾರೆ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟಿನಂಥ ಗ್ರಂಥವನ್ನು ಯಂತ್ರ ಓದಬಲ್ಲ ರೂಪಕ್ಕೆ ತರುವಾಗ ಇಂಥ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ತಾಳೆಗರಿಗಳಲ್ಲಿ ಉಳಿದುಬಂದಿರುವ ತುಳು–ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡ್ 16.0 ಆವೃತ್ತಿಯಲ್ಲಿ ಸ್ವಂತ ಸ್ಥಾನ ದೊರೆತಿದೆ. ಕೀಲಿಮಣೆ, ಫಾಂಟು, ಅಕ್ಷರಗಳನ್ನು ಜೋಡಿಸಿ ತೋರಿಸುವ ವ್ಯವಸ್ಥೆ ಈ ಮೂರೂ ಒಟ್ಟುಗೂಡಿದಾಗಲೇ ಆ ಲಿಪಿಯಲ್ಲಿ ಪತ್ರವೊಂದನ್ನು ಪದಸಂಸ್ಕಾರಕದಲ್ಲಿ ಬರೆಯುವುದು ಸಾಧ್ಯವಾಗುತ್ತದೆ.