ಹಳೆಯ ವಿದ್ಯಾರ್ಥಿಗಳ ಊಟ ಮತ್ತು ನೂರಕ್ಕೆ ಒಂದು ರೂಪಾಯಿ



ಶಾಲೆ ಬಿಟ್ಟವರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಊಟ ಮಾಡುವ ಪದ್ಧತಿ ನಮ್ಮ ಸಕಲೇಶಪುರ, ಆಲೂರು ಕಡೆಯೂ ಬರುತ್ತಿದೆ. ಇದು ಸಂತೋಷದ ವಿಷಯ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಕೂಟಕ್ಕೆ ನನ್ನನ್ನೂ ಕರೆದಿದ್ದರು. ಅದು ಗಂಡುಮಕ್ಕಳ ಶಾಲೆ. ಈದ್ ಹಬ್ಬದ ಮರುದಿನ. ಮಂಗಳೂರಿನಿಂದ, ಬೆಂಗಳೂರಿನಿಂದ, ಗಲ್ಫ್ ದೇಶಗಳಿಂದ ಬಂದ ಹಳೆಯ ವಿದ್ಯಾರ್ಥಿಗಳು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ನಿವೃತ್ತ ಮಾಸ್ತರರಿಗೆ ಶಾಲು ಹೊದಿಸಿ, ಬಿರಿಯಾನಿ ಉಣಬಡಿಸಿ, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಊಟಕ್ಕೆ ನೀರು ಹಂಚಿದವನು ಅದೇ ಶಾಲೆಯ ಒಬ್ಬ ಹುಡುಗ. ಏಳನೇ ತರಗತಿ ಮುಗಿಸಿ ಪೇಟೆಯ ಹೈಸ್ಕೂಲಿಗೆ ಸೇರಬೇಕಾಗಿದ್ದವನು. ಜೂನ್ ತಿಂಗಳಲ್ಲಿ ವಿಚಾರಿಸಿದಾಗ ಅವನು ಹಾಸನದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದ. ಎಸ್ಟೇಟಿನಲ್ಲಿ ಕೂಲಿ ಮಾಡುವ ಅವನ ತಂದೆ ಹೇಳಿದ್ದು ಇಷ್ಟೇ: "ಬಸ್ ಚಾರ್ಜು, ಬಟ್ಟೆ, ಬೂಟು ಅಂತ ಎಲ್ಲಿಂದ ತರಲಿ ಮಾಸ್ತರೇ?"

ಆ ದಿನ ಊಟ ಮಾಡಿದವರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಜಿಪುಣರಲ್ಲ. ಆ ಹುಡುಗನ ವಿಷಯ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನನಗೂ ಗೊತ್ತಿರಲಿಲ್ಲ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಳೆಯ ವಿದ್ಯಾರ್ಥಿಗಳ ಊಟ ಎಂಬುದು ಯಾಕೆ ಹುಟ್ಟಿತು? ಅದನ್ನು ನಮ್ಮಲ್ಲಿ ಮೊದಲು ನಡೆಸಿದವರ ಮನಸ್ಸಿನಲ್ಲಿ ಏನಿತ್ತು? ಚರಿತ್ರೆಯ ಪುಟಗಳನ್ನು ತಿರುವಿದಾಗ ಸಿಕ್ಕ ಉತ್ತರವನ್ನು ನಿಮ್ಮ ಮುಂದಿಡುತ್ತೇನೆ.

ಬೆಟ್ಟದ ಮೇಲಿನ ಊಟದ ಮೇಜು

ಒಟ್ಟಾಗಿ ಕುಳಿತು ರಾತ್ರಿ ಊಟ ಮಾಡುವ ಈ ಪದ್ಧತಿಯನ್ನು ತಂದವರು ಇಂಗ್ಲಿಷರು. ನಮ್ಮ ಮಂಜರಾಬಾದ್ ಸೀಮೆಗೆ ಅವರು ಬಂದದ್ದು ಕಾಫಿ ಬೆಳೆಯಲು. ರಾಬರ್ಟ್ ಎಲಿಯಟ್ ಎಂಬಾತ 1850ರ ದಶಕದಲ್ಲೇ ಇಲ್ಲಿಗೆ ಬಂದು ಕಾಡು ಕಡಿಸಿ ತೋಟ ಮಾಡಿ, ಅದರ ಬಗ್ಗೆ ಪುಸ್ತಕಗಳನ್ನೂ ಬರೆದ. 1893ರಲ್ಲಿ ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ ಹುಟ್ಟಿತು. ಕೂಡಿ ಊಟ ಮಾಡುವುದು ಅವರಿಗೆ ಶಾಲೆಯಲ್ಲೇ ಆದ ಅಭ್ಯಾಸ. ಅವರ ದೇಶದ ಹಾಸ್ಟೆಲ್ ಶಾಲೆಗಳಲ್ಲಿ ಹುಡುಗರು ಒಟ್ಟಿಗೆ ಬೆಳೆಯುತ್ತಿದ್ದರು. ದೊಡ್ಡವರಾದ ಮೇಲೂ ಶಾಲೆಯ ಹೆಸರಿನಲ್ಲಿ ಸೇರುತ್ತಿದ್ದರು.

ಬೆಂಗಳೂರಿನಲ್ಲಿ ಸೇಂಟ್ ಜೋಸೆಫ್ ಶಾಲೆ 1858ರಿಂದ, ಬಿಷಪ್ ಕಾಟನ್ ಶಾಲೆ 1865ರಿಂದ ನಡೆಯುತ್ತಿವೆ. ಕೊಡಗಿನ ಕಾಫಿ ಬೆಳೆಗಾರರ ಮನೆತನದಲ್ಲಿ ಹುಟ್ಟಿ, 1957ರಲ್ಲಿ ಭಾರತದ ಭೂಸೇನಾ ಮುಖ್ಯಸ್ಥರಾದ ಜನರಲ್ ಕೆ.ಎಸ್. ತಿಮ್ಮಯ್ಯನವರು ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಂದಿಗೂ ಸಂಘ ಕಟ್ಟಿಕೊಂಡು ಕಲೆಯುತ್ತಾರೆ. ನಮ್ಮ ಜನರಿಗೆ ಆ ಕಾಲದಲ್ಲಿ ಅಂತಹ ಶಾಲೆಗಳ ಬಾಗಿಲು ದೂರವೇ ಆಗಿತ್ತು. ದೊರೆಗಳ ಬಂಗಲೆಯ ಊಟದ ಮೇಜನ್ನು ನಮ್ಮವರು ಕಂಡಿದ್ದರೆ ಹೆಚ್ಚಾಗಿ ಕಂಡದ್ದು ಬಡಿಸುವವರಾಗಿ.

ಆ ಮೇಜಿನ ಬಳಿ ಮುಸಲ್ಮಾನ ಹುಡುಗರನ್ನೂ ಕೂರಿಸಬೇಕು, ಆದರೆ ಬರೀ ಊಟಕ್ಕಾಗಿ ಅಲ್ಲ, ಎಂದು ಹೊರಟವರು ಸರ್ ಸಯ್ಯದ್ ಅಹ್ಮದ್ ಖಾನ್.

ಊಟವೇ ವಿವಾದವಾಗಿದ್ದ ಕಾಲ

ಸರ್ ಸಯ್ಯದ್ ಹುಟ್ಟಿದ್ದು ದೆಹಲಿಯಲ್ಲಿ, 1817ರ ಅಕ್ಟೋಬರ್ 17ರಂದು. 1857ರ ಬಂಡಾಯದ ನಂತರ ತಮ್ಮ ಸಮಾಜ ಹತಾಶೆಯಲ್ಲಿ ಮುಳುಗಿದ್ದನ್ನು ಅವರು ಕಣ್ಣಾರೆ ಕಂಡರು. ಆಗ ಇಂಗ್ಲಿಷರ ಜೊತೆ ಕುಳಿತು ಉಣ್ಣುವುದೇ ತಪ್ಪು ಎಂದು ಹೇಳುವವರು ಬಹಳ ಮಂದಿ ಇದ್ದರು. ಅದಕ್ಕೆ ಉತ್ತರವಾಗಿ 1868ರಲ್ಲಿ ಸರ್ ಸಯ್ಯದ್ 'ಅಹ್ಕಾಮೆ ತಆಮೆ ಅಹ್ಲೆ ಕಿತಾಬ್' ಎಂಬ ಚಿಕ್ಕ ಪುಸ್ತಕವನ್ನೇ ಬರೆದರು. ಗ್ರಂಥವುಳ್ಳ ಜನರೊಂದಿಗೆ ಉಣ್ಣುವುದಕ್ಕೆ ಧರ್ಮದಲ್ಲಿ ಅಡ್ಡಿಯಿಲ್ಲ ಎಂಬುದು ಅವರ ವಾದ. ಇದಕ್ಕಾಗಿ ಅವರು ಕೇಳಿದ ಬೈಗುಳ ಕಡಿಮೆಯೇನಲ್ಲ.

ಮರುವರ್ಷ, ಅಂದರೆ 1869ರಲ್ಲಿ, ಅವರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋದರು. ಮಗ ಸಯ್ಯದ್ ಮಹಮೂದ್ ಕೇಂಬ್ರಿಜ್‌ನಲ್ಲಿ ಓದಿದರು. ಅಲ್ಲಿ ತಂದೆ ಗಮನಿಸಿದ್ದು ಪಾಠವನ್ನು ಮಾತ್ರವಲ್ಲ. ಗುರುಗಳೂ ಶಿಷ್ಯರೂ ಒಂದೇ ಆವರಣದಲ್ಲಿ ವಾಸಿಸಿ, ಒಂದೇ ಭೋಜನಶಾಲೆಯಲ್ಲಿ ಉಂಡು, ಆಡಿ, ವಾದ ಮಾಡಿ ಬೆಳೆಯುವ ರೀತಿ ಅವರ ಮನಸ್ಸಿನಲ್ಲಿ ನಿಂತಿತು. 1875ರ ಮೇ 24ರಂದು ಅಲಿಗಢದಲ್ಲಿ ಶಾಲೆ ಆರಂಭವಾಯಿತು. 1877ರ ಜನವರಿ 8ರಂದು ವೈಸರಾಯ್ ಲಿಟ್ಟನ್ ಎಂ.ಎ.ಓ. ಕಾಲೇಜಿಗೆ ಅಡಿಗಲ್ಲು ಹಾಕಿದರು.

ಆ ಹಾಸ್ಟೆಲಿನಲ್ಲಿ ಪಂಜಾಬಿನ ಜಮೀನ್ದಾರನ ಮಗನೂ ಇದ್ದ, ಸಣ್ಣ ನೌಕರನ ಮಗನೂ ಇದ್ದ. ಶಿಯಾ, ಸುನ್ನಿ ಮಕ್ಕಳಿಗೆ ಧಾರ್ಮಿಕ ಪಾಠ ಬೇರೆ ಬೇರೆ, ಉಳಿದ ಬದುಕು ಒಟ್ಟಿಗೆ. ಹಿಂದೂ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿತ್ತು. ಆ ಕಾಲೇಜಿನ ಮೊದಲ ಪದವೀಧರ ಈಶ್ವರಿ ಪ್ರಸಾದ್ ಎಂಬುದನ್ನು ವಿದ್ಯಾರ್ಥಿ ಮಿತ್ರರು ನೆನಪಿಡಬೇಕು. ಹೀಗೆ ಒಟ್ಟಿಗೆ ಬೆಳೆದವರು ಕಾಲೇಜು ಬಿಟ್ಟ ಮೇಲೂ ಪರಸ್ಪರ 'ಭಾಯಿ' ಎಂದು ಕರೆದುಕೊಂಡರು.

ದಾವತ್ ಬೇಡ, ಅದರ ಹಣ ಕೊಡಿ

ಕಾಲೇಜು ಕಟ್ಟಲು ಸರ್ ಸಯ್ಯದ್ ಪಟ್ಟ ಪಾಡು ದೊಡ್ಡ ಕಥೆ. ಪುಸ್ತಕದ ಅಂಗಡಿ ಇಟ್ಟರು, ಲಾಟರಿ ನಡೆಸಿದರು, ಬಿಳಿ ಗಡ್ಡದ ವಯಸ್ಸಿನಲ್ಲಿ ನಾಟಕದ ವೇದಿಕೆ ಹತ್ತಿ ಗಜಲ್ ಹೇಳಿದರು. ಜನ ನಕ್ಕರು, ಅವರು ಲೆಕ್ಕಿಸಲಿಲ್ಲ.

ಅವರ ಜೀವನ ಚರಿತ್ರೆ 'ಹಯಾತೆ ಜಾವೇದ್' (1901) ಬರೆದ ಮೌಲಾನಾ ಅಲ್ತಾಫ್ ಹುಸೇನ್ ಹಾಲಿಯವರು ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಗೆಳೆಯರು ದಾವತ್‌ಗೆ ಕರೆದರೆ ಸರ್ ಸಯ್ಯದ್ ಊಟ ಬೇಡ ಎನ್ನುತ್ತಿದ್ದರು. ಊಟಕ್ಕೆ ಆಗುವ ಖರ್ಚನ್ನು ನಗದಾಗಿ ಕಾಲೇಜಿಗೆ ಕೊಟ್ಟುಬಿಡಿ ಎನ್ನುತ್ತಿದ್ದರು. ಊಟದ ಬಗ್ಗೆ ಪುಸ್ತಕ ಬರೆದು ಬೈಸಿಕೊಂಡ ಮನುಷ್ಯ, ಊಟವನ್ನೇ ಶಾಲೆಯ ಇಟ್ಟಿಗೆಯನ್ನಾಗಿ ಮಾಡಿದರು. ನನ್ನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಇಲ್ಲಿ.

ನೂರಕ್ಕೆ ಒಂದು

ಎರಡನೆಯ ಉತ್ತರ ಸಿಕ್ಕಿದ್ದು ಅವರ ವಿದ್ಯಾರ್ಥಿಗಳಲ್ಲಿ. 1890ರ ಸುಮಾರಿಗೆ ಸಾಹಿಬ್‌ಜಾದಾ ಆಫ್ತಾಬ್ ಅಹ್ಮದ್ ಖಾನ್ ಎಂಬ ವಿದ್ಯಾರ್ಥಿ ಗೆಳೆಯರನ್ನು ಕೂಡಿಸಿ 'ಅಂಜುಮನ್ ಅಲ್ ಫರ್ಜ್' ಕಟ್ಟಿದರು. ಫರ್ಜ್ ಎಂದರೆ ಕರ್ತವ್ಯ. ಇಂಗ್ಲಿಷಿನಲ್ಲಿ ಇದಕ್ಕೆ 'ಡ್ಯೂಟಿ ಸೊಸೈಟಿ' ಎಂದು ಹೆಸರು. ಈ ಹುಡುಗರು ರಜೆಯಲ್ಲಿ ಊರೂರು ಸುತ್ತಿ, ಜಾತ್ರೆ-ಪ್ರದರ್ಶನಗಳಲ್ಲಿ ಅಂಗಡಿ ಇಟ್ಟು, ಚಂದಾ ಎತ್ತಿ ಬಡ ವಿದ್ಯಾರ್ಥಿಗಳಿಗೆ ನೆರವಾದರು. ಆ ಸಂಸ್ಥೆ ಇಂದಿಗೂ ಅಲಿಗಢದಲ್ಲಿದೆ.

ಅದೇ ದಶಕದಲ್ಲಿ ಕಾಲೇಜು ಮುಗಿಸಿ ನೌಕರಿಗೆ ಸೇರಿದವರು 'ಬ್ರದರ್‌ಹುಡ್', ಅಂದರೆ ಭ್ರಾತೃ ಸಂಘ, ಮಾಡಿಕೊಂಡರು. ಅದರ ಸದಸ್ಯ ತನ್ನ ಆದಾಯದಲ್ಲಿ ನೂರಕ್ಕೆ ಒಂದು ಭಾಗವನ್ನು ಕಾಲೇಜಿಗೆ ಕೊಡಬೇಕು. ನೂರು ರೂಪಾಯಿ ಸಂಬಳವಿದ್ದವನು ಒಂದು ರೂಪಾಯಿ, ಐನೂರು ಇದ್ದವನು ಐದು. ಓದುಗರೇ, ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಇಲ್ಲಿ ದೊಡ್ಡ ದಾನಿ, ಸಣ್ಣ ದಾನಿ ಎಂಬುದಿಲ್ಲ. ಒಂದೇ ದಿನದ ಔದಾರ್ಯವೂ ಅಲ್ಲ. ತಿಂಗಳು ತಿಂಗಳೂ ಸಂಬಳ ಕೈಗೆ ಬಂದಾಗಲೆಲ್ಲ ಶಾಲೆಯ ನೆನಪಾಗಬೇಕು.

ಈ ನೆನಪು ಬೇಗನೆ ಉಪಯೋಗಕ್ಕೆ ಬಂತು. 1895ರಲ್ಲಿ ಕಾಲೇಜಿನ ಲೆಕ್ಕದಲ್ಲಿ ಲಕ್ಷಕ್ಕೂ ಹೆಚ್ಚು ರೂಪಾಯಿ ದುರುಪಯೋಗವಾಗಿದ್ದು ಬಯಲಾಯಿತು. ಜನರ ನಂಬಿಕೆ ಕುಂದಿತು, ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು. 1898ರ ಮಾರ್ಚ್ 27ರಂದು ಸರ್ ಸಯ್ಯದ್ ತೀರಿಕೊಂಡಾಗ ಅವರಿದ್ದದ್ದು ಒಬ್ಬ ಗೆಳೆಯರ ಮನೆಯಲ್ಲಿ. ಕಾಲೇಜು ಸಾಲದಲ್ಲಿತ್ತು. ಇನ್ನು ಇದು ಮುಚ್ಚಿಹೋಗುತ್ತದೆ ಎಂದುಕೊಂಡವರೂ ಇದ್ದರು.

ಅದರ ಮರುವರ್ಷ, 1899ರಲ್ಲಿ, ಓಲ್ಡ್ ಬಾಯ್ಸ್ ಅಸೋಸಿಯೇಷನ್ ಹುಟ್ಟಿತು. ಮನೆಯ ಯಜಮಾನ ಹೋದ ಮೇಲೆ ಮಕ್ಕಳು ಬಂದು ಸೇರಿದ ಹಾಗೆ. ಹಳೆಯ ವಿದ್ಯಾರ್ಥಿಗಳ ಒಗ್ಗಟ್ಟು ಗಟ್ಟಿಯಾದದ್ದು ಸಂಭ್ರಮದ ದಿನದಲ್ಲಲ್ಲ, ಸಂಕಟದ ದಿನದಲ್ಲಿ.

ಹಳೆಯ ವಿದ್ಯಾರ್ಥಿಗಳ ಕೆಲಸ

ಮುಂದಿನ ಚರಿತ್ರೆ ನಿಮಗೆ ಸ್ವಲ್ಪ ಗೊತ್ತಿರಬಹುದು. ಕಾಲೇಜನ್ನು ವಿಶ್ವವಿದ್ಯಾಲಯ ಮಾಡಬೇಕಾದರೆ 30 ಲಕ್ಷ ರೂಪಾಯಿ ನಿಧಿ ಬೇಕೆಂದು ಷರತ್ತಾಯಿತು. 1911ರಲ್ಲಿ ಆಗಾ ಖಾನರ ಜೊತೆ ಊರೂರು ತಿರುಗಿ ಹಣ ಕೂಡಿಸಿದವರು ಮೌಲಾನಾ ಶೌಕತ್ ಅಲಿ. ಕಾಲೇಜಿನಲ್ಲಿ ಕ್ರಿಕೆಟ್ ತಂಡದ ನಾಯಕರಾಗಿದ್ದ ಅವರು, ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಯಾಗಿ ದುಡಿದವರು. 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಅದೇ 1920ರಲ್ಲಿ ಹಳೆಯ ವಿದ್ಯಾರ್ಥಿಗಳು ಎರಡಾದದ್ದೂ ನಿಜ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟ ಶೌಕತ್ ಅಲಿ, ಅವರ ತಮ್ಮ ಮೊಹಮ್ಮದ್ ಅಲಿ ಮತ್ತು ಗೆಳೆಯರು ಸರ್ಕಾರದ ಹಣ ಬೇಡವೆಂದರು. ಅಕ್ಟೋಬರ್ 29ರಂದು ಅಲಿಗಢದಲ್ಲೇ ಜಾಮಿಯಾ ಮಿಲ್ಲಿಯಾ ಹುಟ್ಟಿತು. 1925ರಲ್ಲಿ ದೆಹಲಿಗೆ ಹೋಯಿತು. ಅದನ್ನು ಕಷ್ಟಕಾಲದಲ್ಲಿ ಕಾಪಾಡಿದ ಡಾ. ಜಾಕಿರ್ ಹುಸೇನ್ ಕೂಡ ಅಲಿಗಢದ ವಿದ್ಯಾರ್ಥಿಯೇ. 1967ರಲ್ಲಿ ಅವರು ರಾಷ್ಟ್ರಪತಿಯಾದರು. ಜಗಳವಾಡಿದ ಅಣ್ಣತಮ್ಮಂದಿರೂ ಇನ್ನೊಂದು ವಿದ್ಯಾಲಯ ಕಟ್ಟಿದರೇ ಹೊರತು ಇದ್ದದ್ದನ್ನು ಕೆಡವಲಿಲ್ಲ.

ಈ ಊಟದ ಮೇಜಿನಲ್ಲಿ ಒಂದು ಕೊರತೆಯೂ ಇತ್ತು. ಅಲ್ಲಿ ಗಂಡುಮಕ್ಕಳು ಮಾತ್ರ. ಆ ಕೊರತೆಯನ್ನು ತುಂಬಲು ಹೊರಟವರೂ ಒಬ್ಬ ಹಳೆಯ ವಿದ್ಯಾರ್ಥಿಯೇ. ಶೇಖ್ ಅಬ್ದುಲ್ಲಾ ಅವರು ಪತ್ನಿ ವಹೀದ್ ಜಹಾನ್ ಬೇಗಂ ಜೊತೆಗೂಡಿ 1906ರಲ್ಲಿ ಅಲಿಗಢದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದು ಬೆಳೆದು ಮಹಿಳಾ ಕಾಲೇಜಾಯಿತು. 2024ರಲ್ಲಿ ಪ್ರೊ. ನಯೀಮಾ ಖಾತೂನ್ ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಕುಲಪತಿಯಾದರು. ಅವರು ಅದೇ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು.

ಇಂದಿಗೂ ಪ್ರತಿ ವರ್ಷ ಅಕ್ಟೋಬರ್ 17ರಂದು, ಸರ್ ಸಯ್ಯದ್ ದಿನದ ರಾತ್ರಿ, ಅಲಿಗಢದ ಹಾಸ್ಟೆಲುಗಳಲ್ಲಿ ವಿಶೇಷ ಊಟ ನಡೆಯುತ್ತದೆ. ದುಬೈ, ಲಂಡನ್, ಅಮೆರಿಕದ ನಗರಗಳಲ್ಲಿ, ನಮ್ಮ ಬೆಂಗಳೂರಿನಲ್ಲೂ, ಹಳೆಯ ವಿದ್ಯಾರ್ಥಿಗಳು ಆ ದಿನದ ನೆಪದಲ್ಲಿ ಸೇರುತ್ತಾರೆ. ಕವಿ ಮಜಾಜ್ ಬರೆದ ತರಾನಾ ಹಾಡುತ್ತಾರೆ. 2020ರಲ್ಲಿ ಕೊರೋನಾ ಕಾರಣದಿಂದ ಸಮಾರಂಭ ಆನ್‌ಲೈನಿನಲ್ಲಿ ನಡೆಯಿತು. ಮೇಜು ಇರಲಿಲ್ಲ, ನೆನಪು ಮಾತ್ರ ಇತ್ತು.

ನಮ್ಮ ನಾಡಿನಲ್ಲಿ

ಈ ಗಾಳಿ ಕನ್ನಡನಾಡಿಗೂ ಬೀಸಿತು. 1909ರಲ್ಲಿ ಬೆಂಗಳೂರಿನಲ್ಲಿ ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್ ಆರಂಭವಾಯಿತು. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅಲ್-ಅಮೀನ್ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಅವರು ಜೀವನವನ್ನು ಶಾಲೆ-ಕಾಲೇಜುಗಳಿಗೆ ಮುಡಿಪಿಟ್ಟರು. ಅಲಿಗಢ ವಿಶ್ವವಿದ್ಯಾಲಯ ಅವರನ್ನು ಸಹ ಕುಲಾಧಿಪತಿಯನ್ನಾಗಿ ಮಾಡಿತ್ತು. 2021ರ ಮೇ ತಿಂಗಳಲ್ಲಿ ಅವರು ನಮ್ಮನ್ನು ಅಗಲಿದರು. ಅಲಿಗಢದಲ್ಲಿ ಓದದಿದ್ದರೂ ಅಲಿಗಢದ ಕೆಲಸ ಮಾಡಬಹುದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಈಗ ನಮ್ಮ ಬೆಟ್ಟಗಳಿಗೆ ಬರೋಣ. ಇಲ್ಲಿಯ ಮನೆಗಳು ದೂರ ದೂರ. ತೋಟದ ಲೈನಿನಿಂದ ಬಸ್ ನಿಲ್ಲುವಲ್ಲಿಗೆ ಮಳೆಗಾಲದಲ್ಲಿ ನಡೆದು ಬರುವುದೇ ಒಂದು ಪರೀಕ್ಷೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ. ಉರ್ದು ಶಾಲೆ ಮುಗಿಸಿದ ಮಗು ಕನ್ನಡ ಹೈಸ್ಕೂಲಿಗೆ ಹೋಗುವ ಆ ಒಂದು ಮೆಟ್ಟಿಲಿನಲ್ಲೇ ಎಷ್ಟೋ ಮಕ್ಕಳು ಜಾರುತ್ತಾರೆ. ಆ ಮೆಟ್ಟಿಲಿನಲ್ಲಿ ಕೈ ಹಿಡಿಯಲು ಲಕ್ಷಗಟ್ಟಲೆ ಹಣ ಬೇಕಿಲ್ಲ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 20,000 ರೂಪಾಯಿ ದುಡಿಯುವವನ ನೂರಕ್ಕೆ ಒಂದು ಭಾಗ 200 ರೂಪಾಯಿ. ಅಂತಹ ಮೂವತ್ತು ಮಂದಿ ಸೇರಿದರೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ. ಗ್ಯಾರೇಜಿಗೆ ಹೋದ ಆ ಹುಡುಗನಂತಹ ಎಷ್ಟು ಮಂದಿಯ ಬಸ್ ಪಾಸು, ಬಟ್ಟೆ, ಪುಸ್ತಕ ಇದರಲ್ಲಿ ಆಗುತ್ತದೆ ಎಂದು ನೀವೇ ಹೇಳಿ.

ಊಟ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬಿರಿಯಾನಿ ಇರಲಿ, ಫೋಟೋ ಇರಲಿ, ಮಾಸ್ತರರಿಗೆ ಶಾಲೂ ಇರಲಿ. ಆದರೆ ಊಟಕ್ಕೆ ಕೂರುವ ಮುನ್ನ ಮುಖ್ಯೋಪಾಧ್ಯಾಯರು ಎದ್ದು ನಿಂತು, ಈ ವರ್ಷ ಯಾವ ತರಗತಿಯಿಂದ ಎಷ್ಟು ಮಕ್ಕಳು ಶಾಲೆ ಬಿಟ್ಟರು ಎಂದು ಓದಿ ಹೇಳಲಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಮುಂದಿನ ವರ್ಷದ ಊಟದಲ್ಲಿ ಆ ಸಂಖ್ಯೆ ಕಡಿಮೆಯಾಗಿದೆಯೇ ಎಂದು ಮತ್ತೆ ಕೇಳೋಣ. ಹೆಣ್ಣುಮಕ್ಕಳ ಸಂಖ್ಯೆಯನ್ನೂ ಸೇರಿಸಿಯೇ ಕೇಳೋಣ.

ವಿದ್ಯಾರ್ಥಿ ಮಿತ್ರರೇ, ಇಂದು ನೀವು ನೀರು ಹಂಚುವವರು, ನಾಳೆ ಆ ಮೇಜಿನ ಮುಂದೆ ಕೂರುವವರು. ಆ ದಿನ ನಿಮ್ಮ ಪಕ್ಕದಲ್ಲಿ ಕೂರಬೇಕಾಗಿದ್ದ ಗೆಳೆಯನ ಕುರ್ಚಿ ಖಾಲಿ ಇದ್ದರೆ, ಅವನು ಎಲ್ಲಿದ್ದಾನೆ ಎಂದು ವಿಚಾರಿಸುವ ಮನಸ್ಸು ನಿಮಗಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.