ಫಲಕದ ವ್ಯಾಟ್, ಫೋನಿನ ವ್ಯಾಟ್-ಅವರ್: ಸಣ್ಣ ಸಾಧನಗಳ ಸೌರ ಚಾರ್ಜಿಂಗ್ ಕುರಿತ ವಿಶ್ಲೇಷಣೆ

ಸಾರಾಂಶ

ಕೈಯಲ್ಲಿ ಒಯ್ಯುವ ಸೌರ ಚಾರ್ಜರನ್ನು ಫಲಕದ ಮೇಲೆ ಅಚ್ಚಾದ ವ್ಯಾಟ್ ನೋಡಿ ಕೊಳ್ಳುವುದು ರೂಢಿ. ಆದರೆ ದಿನವೊಂದಕ್ಕೆ ಫೋನಿಗೆ ನಿಜವಾಗಿ ಸೇರುವ ಶಕ್ತಿಯೇ ಸರಿಯಾದ ಅಳತೆಗೋಲು. ಅದನ್ನು ನಿರ್ಧರಿಸುವುದರಲ್ಲಿ ಫಲಕದ ದಕ್ಷತೆಗಿಂತ ಶಾಖ, ನೆರಳು ಮತ್ತು ನಡುವಿನ ಸಂಗ್ರಹದ ಪಾತ್ರ ದೊಡ್ಡದು ಎಂಬುದು ಈ ಲೇಖನದ ವಾದ.

1. ಹಿನ್ನೆಲೆ

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ ಸಿಲಿಕಾನ್ ಸೌರಕೋಶ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಇಂದಿನ ಒಳ್ಳೆಯ ಫಲಕಗಳು ಶೇ. 20 ದಾಟಿವೆ. ಹೀಗಿದ್ದೂ ಸಣ್ಣ ಫಲಕಕ್ಕೆ ನೇರವಾಗಿ ಜೋಡಿಸಿದ ಫೋನು ಸಂಜೆಯಾದರೂ ತುಂಬದಿರುವುದುಂಟು.

2. ಶಕ್ತಿಯ ಲೆಕ್ಕ

5000 ಎಂಎಎಚ್‌ನ ಫೋನ್ ಬ್ಯಾಟರಿಯಲ್ಲಿ, 3.85 ವೋಲ್ಟ್‌ನಂತೆ, ಸುಮಾರು 19 ವ್ಯಾಟ್-ಅವರ್ ಹಿಡಿಸುತ್ತದೆ. ಚಾರ್ಜಿಂಗ್‌ನಲ್ಲಿ ಶೇ. 15 ನಷ್ಟವೆಂದು ಇಟ್ಟುಕೊಂಡರೆ ಯುಎಸ್‌ಬಿ ತುದಿಯಲ್ಲಿ 22ಕ್ಕೂ ತುಸು ಹೆಚ್ಚು ಬೇಕು.

ಫಲಕದ ‘10 ವ್ಯಾಟ್’ ಎಂಬ ಅಂಕಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು, 25 ಡಿಗ್ರಿ ಸೆಲ್ಸಿಯಸ್ ಕೋಶದ ಉಷ್ಣತೆ ಎಂಬ ಪರೀಕ್ಷಾ ಸ್ಥಿತಿಯದು. ರಾಯಚೂರಿನ ಬೇಸಿಗೆಯ ನಡುಮಧ್ಯಾಹ್ನ ಕೋಶ 60 ಡಿಗ್ರಿಗೆ ಏರುವುದು ಸಹಜ. ಡಿಗ್ರಿಗೆ ಶೇ. 0.4ರ ಇಳಿಕೆಯಂತೆ 10 ವ್ಯಾಟ್ 8.6ಕ್ಕೆ ಬರುತ್ತದೆ, ವೋಲ್ಟೇಜ್ ಹೊಂದಿಸುವ ಸರ್ಕ್ಯೂಟ್ ಇನ್ನೊಂದು ಶೇ. 15 ತಿಂದರೆ ಉಳಿಯುವುದು 7.3. ಫೋನು ತುಂಬಲು ಮೂರು ಗಂಟೆಗಳಿಗಿಂತ ತುಸು ಹೆಚ್ಚು ಪೂರ್ಣ ಬಿಸಿಲು ಸಾಕು. ಕರ್ನಾಟಕದ ಬಿಸಿಲಿನ ವಾರ್ಷಿಕ ಸರಾಸರಿ ದಿನಕ್ಕೆ ಸುಮಾರು ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮ. ಲೆಕ್ಕದಲ್ಲಂತೂ ಶಕ್ತಿಗೆ ಕೊರತೆಯಿಲ್ಲ.

3. ಸೋರಿಕೆಯ ಮೂರು ದಾರಿಗಳು

ಮೊದಲನೆಯದು ನೆರಳು. ಫಲಕದ ಕೋಶಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುತ್ತಾರೆ; ಒಂದರಲ್ಲಿ ಕರೆಂಟು ಕುಗ್ಗಿದರೆ ಇಡೀ ಸರಣಿಯಲ್ಲಿ ಕುಗ್ಗುತ್ತದೆ. ನೆರಳು ಬಿದ್ದ ಕೋಶವನ್ನು ಬಿಟ್ಟು ಕರೆಂಟಿಗೆ ಬದಲಿ ದಾರಿ ಕೊಡುವ ಬೈಪಾಸ್ ಡಯೋಡ್ ಇಲ್ಲದ ಮಡಿಚುವ ಫಲಕದಲ್ಲಿ ಒಂದು ಕೋಶದ ಮೇಲೆ ಬ್ಯಾಗಿನ ಪಟ್ಟಿ ಅಡ್ಡ ಬಿದ್ದರೂ ಉತ್ಪಾದನೆ ನೆಲಕಚ್ಚುತ್ತದೆ.

ಎರಡನೆಯದು ಮೋಡ. ಮೋಡ ಹಾಯ್ದಾಗ ಫಲಕದ ವೋಲ್ಟೇಜ್ ಕುಸಿದು ಚಾರ್ಜಿಂಗ್ ಕಡಿಯುತ್ತದೆ. ಬಿಸಿಲು ಮರಳಿದರೂ ಕೆಲವು ಫೋನುಗಳು ಮೊದಲಿನಷ್ಟು ಕರೆಂಟು ಎಳೆಯದೆ ಕಡಿಮೆ ಮಟ್ಟದಲ್ಲೇ ಉಳಿದುಬಿಡುತ್ತವೆ.

ಮೂರನೆಯದು ಫೋನಿನದೇ ಶಾಖ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡುವಂತಿಲ್ಲ. ಫಲಕದ ಪಕ್ಕದಲ್ಲೇ ಬಿಸಿಲಿಗಿಟ್ಟ ಫೋನು ಆ ಮಿತಿ ಮುಟ್ಟಿ ತಾನಾಗಿ ಚಾರ್ಜಿಂಗ್ ನಿಲ್ಲಿಸುತ್ತದೆ. ಫಲಕಕ್ಕೆ ಬಿಸಿಲು ಬೇಕು, ಬ್ಯಾಟರಿಗೆ ತಂಪು ಬೇಕು.

4. ನಡುವಿನ ಸಂಗ್ರಹ

ಈ ವಿರೋಧಕ್ಕೆ ಪರಿಹಾರ ಎರಡನ್ನೂ ಬೇರ್ಪಡಿಸುವುದು. ಹಗಲು ಫಲಕದಿಂದ ಪವರ್ ಬ್ಯಾಂಕ್ ತುಂಬಿಸಿ, ಅದನ್ನೂ ನೆರಳಿನಲ್ಲಿಟ್ಟು, ರಾತ್ರಿ ಅದರಿಂದ ಫೋನು ತುಂಬಿಸಬೇಕು. ಇದರಲ್ಲಿ ಕಾಲು ಭಾಗ ಶಕ್ತಿ ಪೋಲಾಗುತ್ತದೆಂದು ಹಿಡಿದರೂ ಬೇಕಾಗುವುದು ಸುಮಾರು ನಾಲ್ಕು ಗಂಟೆಗಳ ಪೂರ್ಣ ಬಿಸಿಲು. ಮೋಡ ಹಾಯುವಾಗಲೂ ಸಿಕ್ಕಷ್ಟನ್ನು ಕೂಡಿಡುವ ವ್ಯವಸ್ಥೆಗೆ ಈ ನಷ್ಟ ದುಬಾರಿಯಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋದಂಥ ಸಂಸ್ಥೆಗಳು ಹಳ್ಳಿಮನೆಗಳಿಗೆ ಒದಗಿಸಿದ ಸೌರದೀಪಗಳ ವ್ಯವಸ್ಥೆಯೂ ಇದೇ: ಮಾಡಿನ ಮೇಲೆ ಫಲಕ, ಮನೆಯೊಳಗೆ ಬ್ಯಾಟರಿ.

5. ನಿರ್ಣಯ

ಒಂದು ಯೂನಿಟ್ ವಿದ್ಯುತ್ತಿನಲ್ಲಿ ಇಂಥ ಫೋನನ್ನು ಸುಮಾರು ನಲವತ್ತು ಸಲ ಚಾರ್ಜ್ ಮಾಡಬಹುದು. ಆದ್ದರಿಂದ ಸೌರ ಚಾರ್ಜರ್ ಬಿಲ್ ಉಳಿಸುವ ಸಾಧನವಲ್ಲ. ಕುರಿ ಹಿಂಡಿನೊಂದಿಗೆ ಊರೂರು ಅಲೆಯುವವರಿಗೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಒಂಟಿಮನೆಗೆ ಸಂಪರ್ಕ ಉಳಿಸುವುದೇ ಅದರ ಬೆಲೆ. ದಟ್ಟ ಮೋಡ ಕವಿದಾಗ ಫಲಕದ ಉತ್ಪಾದನೆ ಹತ್ತನೇ ಒಂದು ಭಾಗಕ್ಕೆ ಇಳಿಯಬಹುದು. ಆದ್ದರಿಂದ ವಿನ್ಯಾಸ ಮಾಡುವವರು ಬೇಸಿಗೆಯ ನೆತ್ತಿಬಿಸಿಲನ್ನಲ್ಲ, ಆಷಾಢದ ಮೋಡವನ್ನು ಆಧಾರವಾಗಿಟ್ಟುಕೊಳ್ಳಬೇಕು. ತಯಾರಕರು ವ್ಯಾಟ್ ಜೊತೆಗೆ, ಬಿಸಿಲಿನ ದಿನ ಮತ್ತು ಮೋಡದ ದಿನ ಸಿಗುವ ವ್ಯಾಟ್-ಅವರ್ ಎಷ್ಟೆಂದು ಪೆಟ್ಟಿಗೆಯ ಮೇಲೆ ನಮೂದಿಸುವುದನ್ನು ಕಡ್ಡಾಯಗೊಳಿಸಬೇಕು.