ಕುಣಿಗಲ್ ಸ್ಟಡ್ ಫಾರ್ಮ್: ರೇಸ್ ಕುದುರೆ ಹುಟ್ಟೋದು ಹೇಗೆ? ಗೆದ್ದ ಮೇಲೆ ಅದರ ಬದುಕೇನು?

ಶಿವಮೊಗ್ಗ: ಕುಣಿಗಲ್ ಅಂದ ಕೂಡಲೇ ಹೆಚ್ಚಿನವರಿಗೆ ಕೆರೆ ನೆನಪಾಗುತ್ತದೆ. ರೇಸ್ ಗೊತ್ತಿರುವವರಿಗೆ ನೆನಪಾಗೋದು ಕುದುರೆ. ತುಮಕೂರು ಜಿಲ್ಲೆಯ ಈ ಪಟ್ಟಣಕ್ಕೆ ಅಂಟಿಕೊಂಡಂತೆ ಇರುವ ಸ್ಟಡ್ ಫಾರ್ಮ್ 400 ಎಕರೆಗೂ ದೊಡ್ಡದು. ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ ಅದು. ಈಚಿನ ವರ್ಷಗಳಲ್ಲಿ ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಸರ್ಕಾರದ ಮುಂದೆ ಬಂತು. ಕುಣಿಗಲ್ ಜನ ಫಾರ್ಮ್ ಉಳಿಸಿ ಎಂದು ಬೀದಿಗಿಳಿದರು.

ಕುದುರೆ ಸಾಕೋದು ಶ್ರೀಮಂತರ ಶೋಕಿ, ಅದಕ್ಕೆ ಸರ್ಕಾರಿ ಜಮೀನು ಯಾಕೆ ಅನ್ನೋರು ಇದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹೇಳೋ ಮೊದಲು ಒಂದು ಸ್ಟಡ್ ಫಾರ್ಮ್ ಒಳಗೆ ಏನು ನಡೆಯುತ್ತದೆ ಅನ್ನೋದು ಗೊತ್ತಿರಬೇಕು. ಎಂಪಿಎಂ ಬಾಗಿಲು ಹಾಕಿದ್ದನ್ನು, 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿದ್ದಾಗ ಆದ ಗಲಾಟೆಯನ್ನು ಕಂಡ ಭದ್ರಾವತಿಯವರಿಗೆ ಈ ಕಥೆ ಪೂರ್ತಿ ಹೊಸದೇನಲ್ಲ.

ಭಟ್ಕಳಕ್ಕೆ ಬಂದ ಕುದುರೆ, ಇಂಗ್ಲೆಂಡಿಗೆ ಹೋದ ಕುದುರೆ

ದಕ್ಷಿಣದ ರಾಜರಿಗೆ ಕುದುರೆ ಯಾವತ್ತೂ ಹೊರಗಿನಿಂದ ಬರಬೇಕಾದ ಮಾಲು. ವಿಜಯನಗರದ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಹಡಗಿನಲ್ಲಿ ಭಟ್ಕಳ ಬಂದರಿಗೆ ಬಂದು, ಘಟ್ಟ ಹತ್ತಿ ಒಳನಾಡಿಗೆ ಹೋಗುತ್ತಿದ್ದವು. ಇಲ್ಲಿನ ಹವೆಗೆ ಅವು ಬೇಗ ಸಾಯುತ್ತಿದ್ದವು, ಚೆನ್ನಾಗಿ ಮರಿ ಹಾಕುತ್ತಿರಲಿಲ್ಲ. ಹಾಗಾಗಿ ಮತ್ತೆ ಮತ್ತೆ ಕೊಳ್ಳಬೇಕು, ಹೇಳಿದ ಬೆಲೆ ಕೊಡಬೇಕು.

ಅದೇ ಅರಬ್, ತುರ್ಕಿ ಸೀಮೆಯ ರಕ್ತ ಇನ್ನೊಂದು ದಿಕ್ಕಿಗೂ ಹೋಯಿತು. 17ನೇ ಶತಮಾನದ ಕೊನೆ, 18ನೇ ಶತಮಾನದ ಮೊದಲ ಭಾಗದಲ್ಲಿ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳು ಇಂಗ್ಲೆಂಡ್ ಸೇರಿದವು. ಅಲ್ಲಿನ ಹೆಣ್ಣು ಕುದುರೆಗಳ ಜೊತೆ ಇವುಗಳ ತಳಿ ಬೆರೆತು ಹುಟ್ಟಿದ್ದೇ ಥರೋಬ್ರೆಡ್. ಇವತ್ತು ಬೆಂಗಳೂರು, ಮೈಸೂರು, ಮುಂಬೈ, ಲಂಡನ್ ಎಲ್ಲೇ ಓಡುವ ಥರೋಬ್ರೆಡ್ ಆಗಲಿ, ತಂದೆಯಿಂದ ತಂದೆಗೆ ಹಿಂದಕ್ಕೆ ಹೋದರೆ ಈ ಮೂರರಲ್ಲಿ ಒಂದಕ್ಕೆ ಮುಟ್ಟುತ್ತದೆ. ಬಹುಪಾಲು ಮುಟ್ಟೋದು ಡಾರ್ಲಿ ಅರೇಬಿಯನ್‌ಗೆ. ಅದೂ ಎಕ್ಲಿಪ್ಸ್ ಎಂಬ ಕುದುರೆಯ ಮೂಲಕ. 1764ರ ಏಪ್ರಿಲ್ 1ರಂದು ಸೂರ್ಯಗ್ರಹಣದ ದಿನ ಹುಟ್ಟಿದ್ದಕ್ಕೆ ಆ ಹೆಸರು. ಗ್ರಹಣದಲ್ಲಿ ಹುಟ್ಟಿದ್ದು ಒಳ್ಳೇದಲ್ಲ ಅನ್ನೋ ಮಾತು ಅದಕ್ಕೆ ತಟ್ಟಲಿಲ್ಲ. ಓಡಿದ 18 ರೇಸ್‌ನಲ್ಲಿ ಒಂದನ್ನೂ ಸೋಲಲಿಲ್ಲ.

ಯುದ್ಧದ ಲಾಯ

ಕುಣಿಗಲ್‌ನಲ್ಲಿ ಮೊದಲು ಸಾಕಿದ್ದು ರೇಸಿಗಲ್ಲ, ಸೈನ್ಯಕ್ಕೆ. ಟಿಪ್ಪು ನಂತರ ಬ್ರಿಟಿಷರ ಸೈನ್ಯಕ್ಕೆ, ಆಮೇಲೆ ಮೈಸೂರು ಸಂಸ್ಥಾನದ ಅಶ್ವದಳಕ್ಕೆ ಇದು ಕುದುರೆ ಒದಗಿಸಿದ ಜಾಗ.

ಆ ಕಾಲದಲ್ಲಿ ಕುದುರೆ ಎಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಚನ್ನಗಿರಿ ಮೂಲದ ಧೋಂಡಿಯಾ ವಾಘ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದು, ಶಿಕಾರಿಪುರ ಕಡೆಯೆಲ್ಲ ಹಿಡಿತಕ್ಕೆ ತಂದುಕೊಂಡಿದ್ದ. ಅವನ ಬಲ ಇದ್ದದ್ದು ಕುದುರೆ ಸವಾರರಲ್ಲಿ. ಇವತ್ತು ಇಲ್ಲಿ, ನಾಳೆ ತುಂಗಭದ್ರಾ ಆಚೆ. ಅವನನ್ನು ಹಿಡಿಯಲು ಆರ್ಥರ್ ವೆಲ್ಲೆಸ್ಲಿಗೂ ಕುದುರೆಯೇ ಬೇಕಾಯಿತು. ಮೈಸೂರಿನ ಸಿಲ್ಲೇದಾರರು, ಅಂದ್ರೆ ಸ್ವಂತ ಕುದುರೆ ತಂದು ಚಾಕರಿ ಮಾಡುವ ಸವಾರರು, ಆ ಬೆನ್ನಟ್ಟುವಿಕೆಯಲ್ಲಿ ಜೊತೆಗಿದ್ದರು. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಸತ್ತ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲೂ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ಸೈನ್ಯಕ್ಕೆ ಕುದುರೆ ಬೇಡವಾದ ಮೇಲೆ ಫಾರ್ಮ್ ಉಳಿದದ್ದು ಸರ್ಕಾರದ ಕೈಯಲ್ಲಿ. 1992ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗುಂಪಿನ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟರು. ಅಲ್ಲಿಂದ ಇದು ರೇಸ್ ಲೋಕದಲ್ಲಿ ದೊಡ್ಡ ಹೆಸರು. ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು, 2022ಕ್ಕೆ ಗುತ್ತಿಗೆಯ 30 ವರ್ಷ ತುಂಬಿತು. ಜಾಗದ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಆಮೇಲೆ.

ಒಂದು ಮರಿಯ ಲೆಕ್ಕ

ಹಸು ಎಮ್ಮೆಗೆ ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟು ಗಬ್ಬ ಮಾಡಿಸೋದು ಹಳ್ಳಿಯಲ್ಲಿ ಮಾಮೂಲಿ. ಥರೋಬ್ರೆಡ್‌ಗೆ ಅದು ನಡೆಯಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಪ್ರಪಂಚದ ಯಾವ ಸ್ಟಡ್ ಬುಕ್‌ಗೂ ಸೇರಿಸಿಕೊಳ್ಳಲ್ಲ, ಆ ಮರಿ ರೇಸ್ ಓಡುವ ಹಾಗಿಲ್ಲ. ಗಂಡು ಹೆಣ್ಣು ಒಂದೇ ಜಾಗದಲ್ಲಿ ಸೇರಲೇಬೇಕು. ಸ್ಟಡ್ ಫಾರ್ಮ್‌ಗೆ ಇಷ್ಟು ಜಾಗ ಬೇಕಾಗೋದಕ್ಕೆ ಇದೂ ಒಂದು ಕಾರಣ. ಭಾರತದಲ್ಲಿ ಲೆಕ್ಕ ಇಡೋದು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ. ಮರಿಯ ಡಿಎನ್ಎ ಪರೀಕ್ಷೆ ಮಾಡಿ ತಂದೆ ತಾಯಿ ಇವರೇ ಎಂದು ಖಾತ್ರಿಯಾದ ಮೇಲಷ್ಟೇ ಹೆಸರು ದಾಖಲು. ಜಮೀನಿನ ಪಹಣಿಗಿಂತ ಕಟ್ಟುನಿಟ್ಟು ಅಂದರೂ ತಪ್ಪಿಲ್ಲ.

ಕುದುರೆಯ ಗರ್ಭ 11 ತಿಂಗಳು. ಮರಿ ಯಾವ ತಿಂಗಳಲ್ಲೇ ಹುಟ್ಟಲಿ, ದಾಖಲೆಯಲ್ಲಿ ಜನವರಿ 1ಕ್ಕೆ ಒಂದು ವರ್ಷ ಸೇರುತ್ತದೆ. ಡಿಸೆಂಬರ್ ಕೊನೆಗೆ ಹುಟ್ಟಿದ ಮರಿ ನಾಲ್ಕು ದಿನಕ್ಕೇ ವರ್ಷ ತುಂಬಿದ ಮರಿ ಅನ್ನಿಸಿಕೊಂಡು, ತನಗಿಂತ ತಿಂಗಳುಗಟ್ಟಲೆ ದೊಡ್ಡ ಮರಿಗಳ ಜೊತೆ ಓಡಬೇಕಾಗುತ್ತದೆ. ಅದಕ್ಕೇ ಮರಿಗಳು ಜನವರಿ ದಾಟಿದ ಮೇಲೆ ಹುಟ್ಟುವ ಹಾಗೆ ಲೆಕ್ಕ ಹಾಕಿಯೇ ಕುದುರೆ ಕೂಡಿಸುತ್ತಾರೆ.

ಹೆಚ್ಚಿನ ಮರಿಗಳು ಹುಟ್ಟೋದು ರಾತ್ರಿ ಹೊತ್ತು. ಒಂದೆರಡು ಗಂಟೆಯೊಳಗೆ ಎದ್ದು ನಿಂತು ಹಾಲು ಕುಡಿಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ. ಆ ತಿಂಗಳುಗಳಲ್ಲಿ ಸೈಸ್‌ಗಳಿಗೆ ನಿದ್ದೆ ಅನ್ನೋದಿಲ್ಲ. ಐದಾರು ತಿಂಗಳಿಗೆ ತಾಯಿಂದ ಬಿಡಿಸುತ್ತಾರೆ. ಆಮೇಲೆ ಬಯಲಲ್ಲಿ ಓಡಾಡಿ ಮೂಳೆ ಗಟ್ಟಿಯಾಗಬೇಕು. ಕುದುರೆ ಮೆಂತೆ ಸೊಪ್ಪು, ಓಟ್ಸ್, ಒಣ ಹುಲ್ಲು ಮೇವು. ಒಂದೂವರೆ ವರ್ಷ ಆದ ಮೇಲೆ ಬೆನ್ನಿಗೆ ಜೀನು. ಎರಡು ವರ್ಷಕ್ಕೆ ರೇಸ್.

ರೇಸ್‌ಗೆ ತಯಾರಾದ ಕುದುರೆ 450ರಿಂದ 500 ಕೆಜಿ ತೂಗುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 30-40 ಸಲ ಬಡಿಯುವ ಹೃದಯ, ಪೂರ್ತಿ ಓಟದಲ್ಲಿ 220 ದಾಟುತ್ತದೆ. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣ ಓಟ ಶುರುವಾದ ಕೂಡಲೇ ರಕ್ತಕ್ಕೆ ಸೇರುತ್ತದೆ. ಗಂಟೆಗೆ 60 ಕಿಲೋಮೀಟರ್ ದಾಟುವ ವೇಗ. ಈ ಭಾರವೆಲ್ಲ ಮನುಷ್ಯನ ಕೈ ಮಣಿಕಟ್ಟಿನಷ್ಟು ತೆಳ್ಳಗಿನ ಕಾಲಿನ ಮೇಲೆ. ಕಾಲು ಮುರಿದರೆ ಹೆಚ್ಚಿನ ಸಲ ಕಥೆ ಮುಗಿಯಿತು.

ಚಾಂಪಿಯನ್ ಅಂದ್ರೆ ಯಾರು?

ಭಾರತದ ರೇಸ್‌ನಲ್ಲಿ 2000 ಗಿನಿಸ್ (1600 ಮೀಟರ್), ಡರ್ಬಿ (2400 ಮೀಟರ್), ಸೇಂಟ್ ಲೆಜರ್ (2800 ಮೀಟರ್) ಮೂರನ್ನೂ ಒಂದೇ ಸೀಸನ್‌ನಲ್ಲಿ ಗೆದ್ದರೆ ಟ್ರಿಪಲ್ ಕ್ರೌನ್. ಮೊದಲನೆಯದಕ್ಕೆ ವೇಗ ಬೇಕು, ಕೊನೆಯದಕ್ಕೆ ದಮ್ಮು ಬೇಕು. ಎರಡೂ ಒಂದೇ ಮೈಯಲ್ಲಿ ಇರೋದು ಅಪರೂಪ. ಇಂಡಿಯನ್ ಡರ್ಬಿ 1943ರಲ್ಲಿ ಶುರುವಾದಾಗ ಮೊದಲು ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ.

ಹಳೇ ರೇಸ್ ಅಭಿಮಾನಿಗಳನ್ನು ಕೇಳಿದರೆ ಸ್ಕ್ವಾಂಡರರ್ ಹೆಸರು ಬರದೇ ಇರಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ಟ್ರೇನರ್ ರಶೀದ್ ಬೈರಾಮ್‌ಜಿ ಪಳಗಿಸಿದ ಕುದುರೆ. ಓಡಿದ್ದು 19 ರೇಸ್, ಗೆದ್ದದ್ದು 18. 1977ರ ಇಂಡಿಯನ್ ಡರ್ಬಿಯೂ ಅದರಲ್ಲಿ ಸೇರಿದೆ. ಆ ಹೆಸರಿನ ಅರ್ಥ ದುಂದುಗಾರ. ಆದರೆ ಅದರ ಮೇಲೆ ದುಡ್ಡು ಕಟ್ಟಿ ಕಳೆದುಕೊಂಡವರು ತೀರಾ ಕಮ್ಮಿ.

ಪ್ರಪಂಚದ ಲೆಕ್ಕದಲ್ಲಿ ಎಲ್ಲರೂ ಬೆರಳು ತೋರಿಸೋದು ಅಮೆರಿಕದ ಸೆಕ್ರೆಟೇರಿಯಟ್ ಕಡೆ. 1973ರ ಬೆಲ್ಮಾಂಟ್ ಸ್ಟೇಕ್ಸ್, ಒಂದೂವರೆ ಮೈಲಿ, ಸುಮಾರು ನಮ್ಮ ಡರ್ಬಿಯಷ್ಟೇ ದೂರ. 2 ನಿಮಿಷ 24 ಸೆಕೆಂಡ್. ಎರಡನೇ ಕುದುರೆಗಿಂತ 31 ಲೆಂಗ್ತ್ ಮುಂದೆ. ಒಂದು ಲೆಂಗ್ತ್ ಅಂದ್ರೆ ಒಂದು ಕುದುರೆಯ ಉದ್ದ. ಆರು ಕೆಎಸ್‌ಆರ್‌ಟಿಸಿ ಬಸ್ ಸಾಲಾಗಿ ನಿಲ್ಲಿಸಿದಷ್ಟು ಅಂತರ! ಐವತ್ತು ವರ್ಷ ದಾಟಿದರೂ ಆ ರೇಸ್‌ನ ಆ ಟೈಮ್ ಮುರಿದವರಿಲ್ಲ. 1989ರಲ್ಲಿ ಗೊರಸಿನ ಒಳಗೆ ಬಾವು ಬರುವ ಲ್ಯಾಮಿನೈಟಿಸ್ ಕಾಯಿಲೆಯಿಂದ ಸೆಕ್ರೆಟೇರಿಯಟ್ ಸತ್ತಾಗ, ಪರೀಕ್ಷೆ ಮಾಡಿದ ಡಾಕ್ಟರ್ ಅದರ ಹೃದಯ ಮಾಮೂಲಿ ಕುದುರೆಯದಕ್ಕಿಂತ ಎರಡು ಪಟ್ಟಿಗೂ ದೊಡ್ಡದಿದೆ ಎಂದು ಅಂದಾಜು ಮಾಡಿದ್ದರು.

ಅದರ ಗಂಡು ಮರಿಗಳು ಬೀಜದ ಕುದುರೆಗಳಾಗಿ ಅಷ್ಟೇನೂ ಹೆಸರು ಮಾಡಲಿಲ್ಲ. ತಂದೆಯಂಥ ಮಗ ಹುಟ್ಟಲೇ ಇಲ್ಲ ಎಂದು ಜನ ಮೂಗು ಮುರಿದರು. ಆದರೆ ಹೆಣ್ಣು ಮರಿಗಳ ಹೊಟ್ಟೆಯಲ್ಲಿ ಎ.ಪಿ. ಇಂಡಿ, ಸ್ಟಾರ್ಮ್ ಕ್ಯಾಟ್‌ನಂಥ ಕುದುರೆಗಳು ಹುಟ್ಟಿದವು. ಎ.ಪಿ. ಇಂಡಿ 1992ರಲ್ಲಿ ತಾತ ಗೆದ್ದ ಬೆಲ್ಮಾಂಟ್ ಅನ್ನೇ ಗೆದ್ದಿತು. ಮುಂದೆ ಈ ಎರಡೂ ಅಮೆರಿಕದ ದೊಡ್ಡ ಬೀಜದ ಕುದುರೆಗಳಾದವು. ತಾತನ ಹೆಸರು ಉಳಿಸಿದ್ದು ಮೊಮ್ಮಕ್ಕಳು, ಅದೂ ಹೆಣ್ಣುಮಕ್ಕಳ ಕಡೆಯಿಂದ.

ಫಾರ್ಮ್‌ನ ನಿಜವಾದ ಆಸ್ತಿ

ಫೋಟೋ ತೆಗೆಯೋದು ಗಂಡು ಕುದುರೆಯದ್ದು. ಕೋಟಿ ಬೆಲೆಯ ಸುದ್ದಿಯೂ ಅದರದ್ದೇ. ಆದರೆ ಬೀಜದ ಕುದುರೆಯನ್ನು ಐರ್ಲೆಂಡಿನಿಂದಲೋ ಅಮೆರಿಕದಿಂದಲೋ ವಿಮಾನದಲ್ಲಿ ತರಿಸಬಹುದು. ದುಡ್ಡಿದ್ದರೆ ಆರು ತಿಂಗಳ ಕೆಲಸ. ಒಂದು ಗಂಡು ಒಂದು ಸೀಸನ್‌ನಲ್ಲಿ ಹತ್ತಾರು ಹೆಣ್ಣು ಕುದುರೆಗಳ ಜೊತೆ ಕೂಡಬಹುದು. ಹೆಣ್ಣಿಗೆ ವರ್ಷಕ್ಕೆ ಒಂದೇ ಮರಿ, ಜೀವಮಾನಕ್ಕೆ ಹತ್ತು ಹನ್ನೆರಡು ಆದರೆ ಹೆಚ್ಚು. ಯಾವ ಹೆಣ್ಣಿಗೆ ಯಾವ ಗಂಡು ಹೊಂದುತ್ತದೆ, ಯಾವುದರ ಮರಿಗೆ ಕಾಲು ಸೊಟ್ಟ, ಯಾವುದು ಮೊದಲ ಮರಿಯನ್ನು ಹತ್ತಿರ ಸೇರಿಸಲ್ಲ, ಇದೆಲ್ಲ ಗೊತ್ತಾಗೋಕೆ ಮೂರು ತಲೆಮಾರು ಬೇಕು. ಕುದುರೆಯ ತಲೆಮಾರೂ ಹೌದು, ಸೈಸ್‌ಗಳ ತಲೆಮಾರೂ ಹೌದು. ಬಹಳ ಲಾಯಗಳಲ್ಲಿ ಅಪ್ಪನ ಕೆಲಸವೇ ಮಗನಿಗೆ ಬರುತ್ತದೆ.

ಟೌನ್‌ಶಿಪ್ ಪರ ಇರುವವರ ಮಾತಿನಲ್ಲೂ ಹುರುಳಿದೆ. ಬೆಂಗಳೂರಿನಿಂದ ಕುಣಿಗಲ್ 70 ಕಿಲೋಮೀಟರ್ ಆಸುಪಾಸು, ಮಂಗಳೂರು ಹೈವೇ ಪಕ್ಕದ ಜಾಗ. ಬಂಗಾರದ ಬೆಲೆ. ರೇಸ್ ಉದ್ಯಮವೂ ಮೊದಲಿನಂತಿಲ್ಲ. ಕುದುರೆ ರೇಸ್ ಮೇಲಿನ ಬೆಟ್ಟಿಂಗ್‌ಗೆ 28 ಪರ್ಸೆಂಟ್ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಅದೂ ಲಾಭದ ಮೇಲಲ್ಲ, ಕಟ್ಟಿದ ಪೂರ್ತಿ ದುಡ್ಡಿನ ಮೇಲೆ. ಅಂಗಡಿ ಇಟ್ಟವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕ್ಲಬ್‌ಗೆ ಬರುವ ದುಡ್ಡು ಇಳಿದರೆ ಬಹುಮಾನ ಇಳಿಯುತ್ತದೆ, ಬಹುಮಾನ ಇಳಿದರೆ ಮಾಲೀಕರು ಮರಿ ಕೊಳ್ಳಲ್ಲ, ಕೊನೆಗೆ ಪೆಟ್ಟು ಬೀಳೋದು ಫಾರ್ಮ್‌ಗೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕುದುರೆ ರೇಸ್ ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಕೂತು ಮೊಬೈಲ್‌ನಲ್ಲಿ ಯಾವನೋ ಬುಕ್ಕಿಗೆ ದುಡ್ಡು ಕಟ್ಟೋದು ಕಾನೂನುಬದ್ಧ ಆಗಲ್ಲ. ಲೈಸೆನ್ಸ್ ಇರುವ ರೇಸ್ ಕೋರ್ಸ್ ವ್ಯವಸ್ಥೆಯ ಹೊರಗೆ ಕಟ್ಟಿದ್ದು ಪೊಲೀಸ್ ಕೇಸ್.

ರೇಸ್ ಮುಗಿದ ಮೇಲೆ

ರೇಸ್ ಕುದುರೆ ಓಡೋದು ಹೆಚ್ಚೆಂದರೆ ಐದಾರು ವರ್ಷ. ಬದುಕೋದು 25 ವರ್ಷ, ಕೆಲವು 30. ಗೆದ್ದವುಗಳಲ್ಲಿ ಒಂದು ಪಾಲು ಮಾತ್ರ ಸ್ಟಡ್ ಫಾರ್ಮ್ ಸೇರುತ್ತವೆ. ಗಂಡಾದರೆ ಅದೂ ಬೆರಳೆಣಿಕೆ. ಮಿಕ್ಕವು ಸವಾರಿ ಶಾಲೆಗೆ, ಮದುವೆ ಮೆರವಣಿಗೆಗೆ, ಗಾಡಿಗೆ. ಹಾವು ಕಚ್ಚಿದವರಿಗೆ ಕೊಡುವ ಔಷಧ ತಯಾರಾಗೋದು ಕುದುರೆ ರಕ್ತದಿಂದ ಅನ್ನೋದು ಮಲೆನಾಡಿನ ಬಹಳ ಜನಕ್ಕೆ ಗೊತ್ತಿಲ್ಲ. ಗದ್ದೆ, ತೋಟದಲ್ಲಿ ಹಾವು ಕಚ್ಚಿ ಉಳಿದು ಬಂದವರೆಲ್ಲ ಒಂದಲ್ಲ ಒಂದು ಕುದುರೆಯ ಋಣದಲ್ಲಿದ್ದಾರೆ.

ಯಾವುದೇ ಸ್ಟಡ್ ಫಾರ್ಮ್ ಬಾಗಿಲು ಹಾಕಿದರೂ ಮೊದಲು ಹರಾಜಿಗೆ ಬರೋದು ಹೆಣ್ಣು ಕುದುರೆಗಳು. ಗಬ್ಬ ಇರುವ ಎಳೆ ಕುದುರೆಗೆ ಪುಣೆ ಕಡೆಯ ಫಾರ್ಮ್‌ಗಳಿಂದ ಗಿರಾಕಿ ಬರುತ್ತಾರೆ. ವರ್ಷ ಇಪ್ಪತ್ತಾದ, ಇನ್ನು ಮರಿ ಹಾಕಲಾರದ ಕುದುರೆಯನ್ನು ಯಾರೂ ಕೂಗಲ್ಲ. ಅದಕ್ಕೆ ಇನ್ನೂ ಐದಾರು ವರ್ಷ ಮೇವು ಬೇಕು, ನಿಲ್ಲೋಕೆ ಜಾಗ ಬೇಕು, ಗೊರಸು ಕತ್ತರಿಸೋಕೆ ಅದರ ಸ್ವಭಾವ ಗೊತ್ತಿರುವ ಒಬ್ಬ ಸೈಸ್ ಬೇಕು.